ಒಂದು ಹಿಡಿ ಬಿಳಿ ಪುಡಿ

"ಅಮ್ಮನೋರೇ, ನನ್ನಿಂದ ಒಂದು ತಪ್ಪಾಯ್ತು. ಅದರಿಂದ ಇನ್ನೊಬ್ಬರ ಮೇಲೆ ಮಾತು ಬಂತು. ಗೊತ್ತಾದ ದಿನಾನೇ ಸದ್ದಿಲ್ಲದೆ ಸರಿ ಮಾಡ್ಬಿಟ್ಟೆ. ಸರಿ ಆದ್ಮೇಲೂ ಅದನ್ನ ನಾಲ್ಕು ಜನರ ಮುಂದೆ ಹೇಳ್ಲೇಬೇಕಾ?" ಅಂತ ಶಿಷ್ಯ ಕೇಳ್ದ.

ಅಮ್ಮನೋರು ಅವನ ಮುಖ ಒಂದ್ಸಲ ನೋಡಿದ್ರು. "ಕೂತ್ಕೋ" ಅಂದು ಹೇಳೋಕೆ ಶುರು ಮಾಡಿದ್ರು.

ಒಬ್ಬ ಯಜಮಾನ ಇದ್ದ. ಎರಡು ಸಾವಿರ ಮೊಟ್ಟೆ ಕೋಳಿ ಸಾಕಿದ್ದ. ಅವನ ಶೆಡ್ಡಲ್ಲಿ ಮೊಟ್ಟೆ ಆಯೋಕೆ ತಾಯಮ್ಮ ಅಂತ ಒಬ್ಬಳು ಬರ್ತಿದ್ಲು. ಅವಳಿಗೆ ಇದ್ದದ್ದು ಒಂದು ಹೆಂಚಿನ ಮನೆ, ನಾಲ್ಕು ನಾಟಿ ಕೋಳಿ. ಆದ್ರೆ ಊರಲ್ಲಿ ಯಾರ ಮನೆ ಮದುವೆ ಆಗ್ಲಿ, ಉಗ್ರಾಣದ ಬೀಗದ ಕೈ ಅವಳ ಸೊಂಟಕ್ಕೇ. ತುಪ್ಪದ ಡಬ್ಬ, ಬೆಲ್ಲದಚ್ಚು ಎಲ್ಲಾ ಅವಳ ಸುಪರ್ದಿಲಿ. ಒಂದು ಏಲಕ್ಕಿ ಕೂಡ ಆಚೆ ಈಚೆ ಆಗಿದ್ದಿಲ್ಲ. ಅವಳಿಗಿದ್ದ ಒಡವೆ ಅದೊಂದೇ.

ಫೀಡು ಕಲೆಸೋದು ಯಜಮಾನನೇ, ಬೇರೆಯೋರಿಗೆ ಬಿಡ್ತಿರ್ಲಿಲ್ಲ. ಮುಸುಕಿನ ಜೋಳದ ನುಚ್ಚು, ಸೋಯಾ ಹಿಂಡಿ, ಸುಣ್ಣಕಲ್ಲಿನ ಪುಡಿ. ಆಮೇಲೆ ಮೂಟೆಗೊಂದು ಹಿಡಿ ಬಿಳಿ ಪುಡಿ. ಮೆಥಿಯೋನಿನ್ ಅಂತಾರೆ. ಕೊಳೆತ ಕೋಸಿನ ವಾಸನೆ ಅದಕ್ಕೆ. ಒಂದು ದಿನ ಅವನ ತಲೆಗೆ ಏನು ಹೊಕ್ಕಿತೋ, "ಮೂಟೆ ತುಂಬ ಜೋಳ ಇದೆ, ಹಿಂಡಿ ಇದೆ. ಈ ಒಂದು ಹಿಡಿ ನಾತದ ಪುಡಿ ಇಲ್ದಿದ್ರೆ ಕೋಳಿ ಸಾಯ್ತವಾ?" ಅಂತ ನಿಲ್ಲಿಸ್ಬಿಟ್ಟ. ಯಾರಿಗೂ ಹೇಳ್ಲಿಲ್ಲ. ಯಜಮಾನ ಅಲ್ವಾ, ಅವನು ಯಾರನ್ನ ಕೇಳ್ಬೇಕು!

ಕೋಳಿ ಸಾಯ್ಲಿಲ್ಲ. ಮೊಟ್ಟೇನೂ ಇಡ್ತಿದ್ವು. ಆದ್ರೆ ತಿಂಗಳು ಕಳೆಯೋದ್ರೊಳಗೆ ಮೊಟ್ಟೆ ಸಣ್ಣಗಾಗಿ ಟ್ರೇ ಗುಳಿಲಿ ಅಲ್ಲಾಡೋಕೆ ಶುರುವಾಯ್ತು. ವ್ಯಾಪಾರಿ ಬಂದು, "ಏನ್ರೀ, ಕೋಳಿ ಬಿಟ್ಟು ಪಾರಿವಾಳ ಸಾಕ್ತಿದ್ದೀರಾ?" ಅಂದ.

ಅಷ್ಟೇ. ಯಜಮಾನನ ಕಣ್ಣು ಫೀಡಿನ ಮೂಟೆ ಕಡೆ ಹೋಗ್ಲಿಲ್ಲ, ಸೀದಾ ತಾಯಮ್ಮನ ಮಡಿಲಿಗೆ ಹೋಯ್ತು.

"ದಪ್ಪದ್ದು ನಿನ್ನ ಮನೆಗೆ, ನಿನ್ನ ಮನೆ ಸಣ್ಣದು ನನ್ನ ಟ್ರೇಗೆ. ಅಲ್ವೇನೇ?" ಅಂದ, ಎಲ್ಲ ಆಳುಗಳ ಮುಂದೆ.

"ನಮ್ಮ ಕೋಳಿ ಇಡೋದು ಕಂದು ಮೊಟ್ಟೆ ಯಜಮಾನ್ರೇ, ಇವು ಬಿಳೀವು. ಕೂತ್ಕೊಂಡು ಸುಣ್ಣ ಬಳಿದು ತಂದೆ ಅನ್ಕೊಂಡ್ರಾ? ಅದೂ ನಾಲ್ಕು ಕೋಳಿ ದಿನಾ ನಿಮ್ಮ ಅರವತ್ತು ಟ್ರೇ ತುಂಬಿಸ್ತವಾ?"

ಇದನ್ನ ಕೇಳಿ ಯಜಮಾನ ಇನ್ನೂ ಜೋರಾಗಿ ಕೂಗಾಡ್ದ. ದಿನಾ ಸಂಜೆ ಗೇಟ್ ಹತ್ರ ಮಡಿಲು ಕೊಡವಿ ತೋರಿಸಿ ಹೋಗ್ಬೇಕು ಅಂದ. ಕೆಲಸ ಬಿಟ್ರೆ ಕದ್ದದ್ದು ನಿಜ ಅಂತಾರೆ ಅಂತ ಅವಳು ಬಿಡ್ಲಿಲ್ಲ. ದಿನಾ ಕೊಡವಿದ್ಲು. ಎಲೆ ಅಡಿಕೆ ಚೀಲ ಬಿಟ್ರೆ ಏನೂ ಬೀಳ್ಲಿಲ್ಲ. ಮೊಟ್ಟೆ ಮಾತ್ರ ಸಣ್ಣದೇ. ಆಗ್ಲಾದ್ರೂ ಹೊಳೀಬೇಡ್ವಾ ಆ ಮಹಾನುಭಾವನಿಗೆ? "ಕಿಲಾಡಿ, ಬೇರೆ ದಾರಿ ಇಟ್ಕೊಂಡಿದಾಳೆ" ಅಂದ.

ಆ ತಿಂಗಳು ಪಕ್ಕದ ಬೀದಿಲಿ ಮದುವೆ. ತಾಯಮ್ಮ ಯಾವತ್ತಿನ ಹಾಗೆ ಬೆಳಗ್ಗೇನೇ ಹೋಗಿ ಉಗ್ರಾಣದ ಬಾಗಿಲಲ್ಲಿ ನಿಂತ್ಲು. ಮದುವೆ ಮನೆಯೋಳು ಎತ್ತಲೋ ನೋಡ್ತಾ, "ನೀನು ಹಿತ್ತಲಲ್ಲಿ ಎಲೆ ತೊಳೀತಿರು ತಾಯಮ್ಮ, ಒಳಗೆ ಬೇರೆಯೋರಿದಾರೆ" ಅಂದ್ಲು. ಅವಳು ಎಲೆ ತೊಳೆದ್ಲು. ಊಟಕ್ಕೆ ಕೂರ್ದೆ ಮನೆಗೆ ಬಂದ್ಲು.

ಕೊನೆಗೆ ಯಜಮಾನ ಪಶು ಡಾಕ್ಟರನ್ನ ಕರೆಸ್ದ. ಅವರು ಫೀಡು ಮೂಸಿ ನೋಡಿ, ಪುಡಿ ಯಾಕೆ ನಿಲ್ಲಿಸಿದ್ರಿ ಅಂದ್ರು.

"ಒಂದು ಹಿಡಿ ತಾನೇ ಸಾರ್?"

"ಆ ಒಂದು ಹಿಡೀನ ಕೋಳಿ ತನ್ನ ಮೈಯಲ್ಲಿ ಮಾಡ್ಕೊಳ್ಳೋಕಾಗಲ್ಲ. ಜೋಳ, ಹಿಂಡಿಲಿ ಇರೋದು ಸಾಲಲ್ಲ. ಅದೊಂದು ಕಮ್ಮಿ ಆದ್ರೆ ನೀವು ಉಳಿದದ್ದು ಎಷ್ಟು ಸುರಿದ್ರೂ ಮೊಟ್ಟೆ ದಪ್ಪ ಆಗಲ್ಲ."

ಅವತ್ತೇ ಯಜಮಾನ ಬಾಗಿಲು ಹಾಕ್ಕೊಂಡು ಪುಡಿ ಬೆರೆಸ್ದ. ಕೆಲವು ವಾರಕ್ಕೆ ಮೊಟ್ಟೆ ಟ್ರೇ ಗುಳಿ ತುಂಬ ಕೂತ್ಕೊಂತು. ಅವನು ಬಾಯಿ ಬಿಡ್ಲಿಲ್ಲ. ಗೇಟಿನ ತಪಾಸಣೆ ನಿಲ್ಲಿಸ್ದ, ಅದೂ ದೊಡ್ಡ ಉಪಕಾರ ಮಾಡಿದೋನ ಥರ.

"ಈಗ ಹೆಂಗೆ ದಪ್ಪ ಆಯ್ತು?" ಅಂತ ವ್ಯಾಪಾರಿ ಕೇಳ್ದಾಗ ಒಬ್ಬ ಆಳು, "ಮಡಿಲು ಕೊಡವಿಸಿದ್ವಲ್ಲ, ಕಳ್ಳತನ ನಿಲ್ತು" ಅಂದ. ಯಜಮಾನ ಪಕ್ಕದಲ್ಲೇ ನಿಂತಿದ್ದ. ಕೇಳಿಸ್ಕೊಂಡು ಮೀಸೆ ನೀವಿಕೊಂಡ. ತಾಯಮ್ಮನೂ ಕೇಳಿಸ್ಕೊಂಡ್ಲು, ಎರಡೂ ಕೈಲಿ ಟ್ರೇ ಹಿಡ್ಕೊಂಡು. ಮೊಟ್ಟೆ ಸಣ್ಣಗಿದ್ದಾಗ ಅವಳ ಮೇಲೆ ಬರೀ ಅನುಮಾನ ಇತ್ತು. ದಪ್ಪ ಆದ್ಮೇಲೆ ಕಳ್ಳಿ ಅಂತ ಖಾತ್ರಿಯಾಯ್ತು.

ಶಿಷ್ಯ ತಲೆ ಕೆರ್ಕೊಂಡ. "ಆದ್ರೂ ಅಮ್ಮನೋರೇ, ಅವನು ಸರಿ ಮಾಡಿದ್ನಲ್ಲ..."

ಅಮ್ಮನೋರು ಅಂದ್ರು: "ಕೋಳಿಗೆ ತಪ್ಪಿಸಿದ್ದನ್ನ ಕೋಳಿಗೆ ಕೊಟ್ಟ ಕಣಪ್ಪ, ಅವಳಿಂದ ಕಿತ್ಕೊಂಡಿದ್ದನ್ನ ಯಾರಿಗೆ ಕೊಟ್ಟ?"