ಮೊಂಡಹಟ್ಟಿಯ ಮರಗಳು ಕಣಿವೆಗೆ ಇಳಿದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಮರಗಳಿಗೆ ನಡೆಯಲು ಬರುತ್ತಿತ್ತು, ಗಾಳಿಗೆ ನಿದ್ದೆ ಬರುತ್ತಿತ್ತು.

ಎತ್ತರದ ಗುಡ್ಡದ ನೆತ್ತಿಯ ಮೇಲೆ ಮೊಂಡಹಟ್ಟಿ ಅಂತ ಒಂದು ಪುಟ್ಟ ಊರು. ಕೂರು ಅಂದರೆ ನಿಲ್ಲುವವರು, ನಿಲ್ಲು ಅಂದರೆ ಓಡುವವರು ಅಲ್ಲಿಯ ಜನ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಇಲ್ಲಿ ಊರಿಗೆ ಊರೇ ಎಡವಟ್ಟು ಕಣ್ರಪ್ಪ.

ಆ ಊರಿನ ಮಾಳಜ್ಜಿಗೆ ಒಂದು ಹುಲ್ಲಿನ ಗುಡಿಸಲು, ಒಬ್ಬ ಗಂಡ, ಒಂದು ಹಸು. ಗುಡ್ಡದ ತುಂಬ ಮರಗಳು ನಾ ಎತ್ತರ, ತಾ ಎತ್ತರ ಎಂದು ಒತ್ತೊತ್ತಾಗಿ ನಿಂತಿದ್ದವು. ನೆಲಕ್ಕೆ ಬಿಸಿಲಿಲ್ಲ. ಬಿಸಿಲಿಲ್ಲದೆ ಹುಲ್ಲಿಲ್ಲ. ಹುಲ್ಲಿಲ್ಲದೆ ಹಸು ಏನು ತಿನ್ನಬೇಕು? ಗುಡಿಸಲ ಸೂರು ತಿಂದಿತು. ಇವತ್ತೊಂದು ಹಿಡಿ, ನಾಳೆಯೊಂದು ಹಿಡಿ. ಮಳೆಗಾಲ ಹತ್ತಿರ ಬರುವಷ್ಟರಲ್ಲಿ ಒಲೆಯ ಮುಂದೆ ಕೂತರೆ ಆಕಾಶ ಕಾಣುತ್ತಿತ್ತು. ಮಾಳಜ್ಜಿಗೆ ಅಳುವೇ ಬಂತು.

ಅವಳು ಮರಗಳಿಗೆ ಕೈಮುಗಿದು, ಕೆಳಗಿನ ಕಣಿವೆಗೆ ಇಳಿಯಿರಪ್ಪ ಎಂದು ಬೇಡಿಕೊಂಡಳು. ಮರಗಳು ಬೇರನ್ನು ಇನ್ನೊಂದು ಮೊಳ ಆಳಕ್ಕೆ ಇಳಿಸಿದವು. ಗಾಳಿಯನ್ನು ಎಬ್ಬಿಸಿ, ಇವನ್ನು ಒಮ್ಮೆ ತಳ್ಳು ಮಾರಾಯ ಎಂದಳು. ಗಾಳಿ ಆಕಳಿಸಿ ಮಗ್ಗುಲು ಬದಲಿಸಿತು.

ಮೋರೆ ಸಪ್ಪೆ ಮಾಡಿಕೊಂಡು ಮನೆಗೆ ಬಂದಳು. ಗಂಡ ಬೊಮ್ಮಜ್ಜ ಉಣ್ಣು ಬಾರೇ ಎಂದ. ಒಲ್ಲೆ ಎಂದಳು. ಹಾಗಾದರೆ ಉಣ್ಣಲೇಬೇಡ ಎಂದ. ಮಾಳಜ್ಜಿ ದರದರ ತಟ್ಟೆ ಎಳೆದುಕೊಂಡು ಕೂತಳು. ಮೊದಲ ತುತ್ತು ಬಾಯಲ್ಲಿದ್ದಾಗಲೇ ಅವಳಿಗೆ ಹೊಳೆಯಿತು. ಮರ, ಗಾಳಿ ಎಲ್ಲ ಕುಡಿದದ್ದು ಇದೇ ಹಟ್ಟಿಯ ನೀರು ತಾನೇ!

ಕೈ ತೊಳೆದವಳೇ ಮರಗಳ ಹತ್ತಿರ ಓಡಿದಳು. “ಕೆಳಗಿನ ಕಣಿವೆಯಲ್ಲಿ ತಣ್ಣನೆ ತೊರೆ ಇದೆ. ನೀವು ಮಾತ್ರ ಅಪ್ಪಿತಪ್ಪಿಯೂ ಅಲ್ಲಿಗೆ ಹೋಗಬೇಡಿ.”

“ಬೇಡ ಅನ್ನೋಕೆ ನೀನ್ಯಾರು?” ಎಂದು ಮುದಿ ನೇರಳೆಮರ ಬೇರು ಕಿತ್ತುಕೊಂಡು ಹೊರಟಿತು. ಉಳಿದವು ಅದರ ಹಿಂದೆ ದಡಬಡ ಇಳಿದವು. ಕಾಲು ನೆನೆಸಿಕೊಂಡು ವಾಪಸ್ ಬರುತ್ತೇವೆ, ನಮ್ಮ ಜಾಗ ಹಾಗೇ ಇರಲಿ ಎಂದೂ ಹೇಳಿದವು.

ವಾಪಸ್ ಬಂದರೆ ಗತಿಯೇನು? ಮಾಳಜ್ಜಿ ಗಾಳಿಯ ಪಕ್ಕ ಕೂತು ಬೆಣ್ಣೆಯಂಥ ದನಿಯಲ್ಲಿ ಹೇಳಿದಳು. “ಮಲಕ್ಕೋ ನನ್ನಪ್ಪ, ಏಳಲೇಬೇಡ. ಈ ಗುಡ್ಡದ ಮೇಲೆ ಬೀಸೋದು ನಿನ್ನ ಕೈಲಾಗೋ ಕೆಲಸ ಅಲ್ಲ.”

ಗಾಳಿ ಎದ್ದಿತು ನೋಡಿ! ಮೇಲೆ ಹತ್ತಲು ಬಂದ ಮರಗಳ ಜುಟ್ಟು ಹಿಡಿದು ಜಗ್ಗಿತು. ಇದು ನಿಂತ ಮೇಲೆ ಹೋದರಾಯಿತು ಎಂದು ಅವು ಕಣಿವೆಯಲ್ಲೇ ಕೂತವು. ಗುಡ್ಡಕ್ಕೆ ಬಿಸಿಲು ಬಿತ್ತು, ಮೊಣಕಾಲುದ್ದ ಹುಲ್ಲು ಬಂತು, ಹಸು ಸೂರು ಬಿಟ್ಟು ಹೊರಗೆ ಮೇಯಿತು. ಮಾಳಜ್ಜಿ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದಳು. ಮಾರನೆಯ ದಿನವೇ ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು. ನಗಬೇಡ ಎಂದು ಗಂಡನಿಗೆ ಹೇಳಿದಳು, ಬೊಮ್ಮಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಹೊದಿಸಿ, ಮೇಲೆ ಕಲ್ಲು ಹೇರಿದಳು. ಮಳೆ ಬಂದಾಗ ಒಂದು ಹನಿಯೂ ಒಳಗೆ ಬೀಳಲಿಲ್ಲ.

ಅದಕ್ಕೇ ಇವತ್ತಿಗೂ ಆ ಗುಡ್ಡದ ನೆತ್ತಿಯ ಮೇಲೆ ಬರೀ ಹುಲ್ಲು, ಮರಗಳೆಲ್ಲ ಕಣಿವೆಯಲ್ಲಿ ಮುದುರಿ ಕೂತಿವೆ. ಗಾಳಿ ಒಂದು ಗಳಿಗೆ ತಗ್ಗಿದರೆ ಅವು ಎಲೆ ಅಲ್ಲಾಡಿಸದೆ ಕಿವಿಗೊಡುತ್ತವೆ. ಅಷ್ಟರಲ್ಲಿ ಹಟ್ಟಿಯ ಯಾವಳೋ ಅಜ್ಜಿ ಹೊರಗೆ ಬಂದು, “ಸಾಕಪ್ಪ, ಮಲಕ್ಕೋ” ಅನ್ನುತ್ತಾಳೆ, ಗಾಳಿ ಮತ್ತೆ ಏಳುತ್ತದೆ.