ಹಗುರಾಗಿ ತಿರುಗುವ ಕಲ್ಲು

"ಅಜ್ಜಾ, ಕಲಿಸುವವನು ಕಲಿಯಲು ಕೂತರೆ ಕಲಿಸುವುದು ಕೆಡುತ್ತದೆಯೇ?"

ಓಂಕಾರಪ್ಪ ಮೇಷ್ಟ್ರು ಇದನ್ನು ಕೇಳಿದಾಗ ಮಠದ ಕಟ್ಟೆಯ ನೆರಳು ಎರಡು ಮೆಟ್ಟಿಲು ಇಳಿದಿತ್ತು. ಅವರು ಕೂತಿರಲಿಲ್ಲ. ಫೋನು ಹಿಡಿದುಕೊಂಡು ನಿಂತಿದ್ದರು.

ನನಗೆ ಅಕ್ಷರ ಬಾರದು. ನಾನು ಕಲ್ಲುಕುಟಿಗ. ಸುತ್ತ ಮೂವತ್ತು ಹಳ್ಳಿಯಲ್ಲಿ ನನ್ನ ಉಳಿಯ ಏಟು ತಿನ್ನದ ಕಲ್ಲಿಲ್ಲ, ನನ್ನ ತತ್ವಪದ ಕೇಳದ ಕಿವಿಯಿಲ್ಲ. ಒಮ್ಮೆ ಕೆರೆಯ ಏರಿಯ ಮೇಲೆ ಕೂತು ಪದ ಎತ್ತಿದಾಗ ಮೀನುಗಳು ದಂಡೆಗೆ ಬಂದು ಕೇಳುತ್ತ ನಿಂತಿದ್ದವು. ಮೀನಿಗೆ ಕಿವಿ ಎಲ್ಲಿದೆ ಅಜ್ಜಾ ಎಂದು ಈ ಮೇಷ್ಟ್ರು ಆಗ ಕೇಳಿದ್ದರು. ಕಿವಿ ಇಲ್ಲದೆಯೇ ಕೇಳಿದವು, ನಿಮಗೆ ಎರಡಿವೆ, ನೀವೂ ಕೂತು ಕೇಳಿ ಎಂದೆ. ಕೂತರು. ಅಂದಿನಿಂದ ಅವರು ನನ್ನ ಶಿಷ್ಯರು. ಸೋಮವಾರದ ಭಜನೆಯಲ್ಲಿ ತಾಳ ಹಾಕುತ್ತಾರೆ. ಅಂದು ಭಾನುವಾರ. ಕರೆಯದೆ ಬಂದಿದ್ದರು.

"ಏನಾಯಿತು, ಹೇಳಿ" ಎಂದೆ.

ಅವರು ನಿಂತೇ ಹೇಳಿದರು. ಹದಿನಾರು ವರ್ಷದಿಂದ ಏಳನೆಯ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದಾರೆ. ಪುಸ್ತಕ ತೆರೆಯುವ ಹಂಗಿಲ್ಲ. ಇವರು ಹೇಳಿದ್ದನ್ನು ಮಕ್ಕಳು ಒಂದು ಅಕ್ಷರ ಆಚೀಚೆ ಆಗದಂತೆ ತಿರುಗಿ ಒಪ್ಪಿಸುತ್ತಾರೆ. ತಾಲ್ಲೂಕಿನಲ್ಲೇ ಅಂಥ ತರಗತಿ ಇಲ್ಲ ಎಂದು ಹೆಸರು. ಈ ವರ್ಷ ಫೋನಿನಲ್ಲೇ ಭೂಗೋಳದ ಎಂ.ಎ. ಓದಲು ಸೇರಿದರು. ಫೀಜು ಕಡಿಮೆ. ಊರು ಬಿಡಬೇಕಿಲ್ಲ, ರಜೆ ಹಾಕಬೇಕಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆ ಪಾಠ. ಪಾಠ ಹೇಳುವವರ ಮುಖ ಫೋನಿನಲ್ಲಿ ಹೆಬ್ಬೆರಳಿನಷ್ಟು ಕಾಣುತ್ತದೆಯಂತೆ.

"ಸ್ಟಾಫ್ ರೂಮಿನಲ್ಲಿ ದಿನಾ ನಗುತ್ತಾರೆ ಅಜ್ಜಾ. 'ಏನ್ರೀ ಓಂಕಾರಪ್ಪ, ಸಂತೇಲಿ ಸಿಕ್ತೇನ್ರೀ ಡಿಗ್ರಿ? ಫೋನಲ್ಲಿ ಈಜು ಕಲಿತೋನು ಹೊಳೇಗೆ ಬಿದ್ದಂಗಾಯ್ತು ಬಿಡಿ' ಅಂತಾರೆ. ನಗಲಿ. ನಲವತ್ತೆರಡಕ್ಕೆ ಪರೀಕ್ಷೆ ಬರೆಯಲು ಹೊರಟವನನ್ನು ನೋಡಿ ಯಾರಾದರೂ ನಗುತ್ತಾರೆ. ಆದರೆ ಮೊದಲ ಉತ್ತರ ಬರೆದು ಕಳಿಸಿದೆ, ಅದು ತಿರುಗಿ ಬಂತು. ಕೆಳಗೆ ಒಂದೇ ಸಾಲು. ಇದು ಪುಸ್ತಕದ ಮಾತು, ನಿಮ್ಮ ಮಾತು ಎಲ್ಲಿ ಅಂತ. ಅಂದಿನಿಂದ ನನಗೆ ಏನು ಹೇಳಲೂ ಭಯ."

"ಅಷ್ಟೇ ಏನು?"

ಅಷ್ಟೇ ಆಗಿರಲಿಲ್ಲ. ಹಿಂದಿನ ಗುರುವಾರ ಹೊಳೆಯ ಪಾಠವಿತ್ತು. ಇಷ್ಟು ವರ್ಷ ಅವರು ಹಲಗೆಯ ಮೇಲೆ ಹೊಳೆಗಳ ಹೆಸರು ಬರೆದು ಓದಿಸುತ್ತಿದ್ದರು. ಈ ಸಲ, ಫೋನಿನ ಪಾಠದಲ್ಲಿ ನೋಡಿದ ಹಾಗೆ, ಹೊಳೆಯನ್ನೇ ಬರೆದರು. ಅದರ ಸೊಟ್ಟ, ಅದರ ತಿರುವು ಎಲ್ಲವನ್ನೂ. ಬರೆದು ತಿರುಗಿದಾಗ ಮುಬೀನಾ ಎಂಬ ಹುಡುಗಿ ಎದ್ದು ನಿಂತಳು. "ಸಾರ್, ಹೊಳೆ ಯಾಕೆ ನೆಟ್ಟಗೆ ಹರಿಯಲ್ಲ?"

"ಉತ್ತರ ಹಿಂದಿನ ಸಂಜೆ ಓದಿದ್ದೆ ಅಜ್ಜಾ. ಬಾಯಿಗೆ ಬಂದಾಗ ಎಲ್ಲ ಕಲಸಿಹೋಯಿತು. ಮಣ್ಣು ಎಂದೆ, ಇಳಿಜಾರು ಎಂದೆ, ಮತ್ತೆ ಅಲ್ಲ ಎಂದೆ. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ನೋಡಿ ಹೇಳುತ್ತೇನೆ ಎಂದೆ. ನೋಡಿ ಹೇಳುತ್ತೇನೆ ಎಂಬ ಮಾತು ನನ್ನ ಬಾಯಲ್ಲಿ ಹದಿನಾರು ವರ್ಷದಲ್ಲಿ ಬಂದಿರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇರುವುದನ್ನೂ ಕಳೆದುಕೊಳ್ಳುತ್ತಿದ್ದೇನೆ. ಎಂ.ಎ.ಯಿಂದ ಹೆಸರು ತೆಗೆಸುವುದಾದರೆ ಇವತ್ತು ಐದರೊಳಗೆ ತಿಳಿಸಬೇಕು. ಬರೆದು ಇಟ್ಟಿದ್ದೇನೆ. ಬೆರಳು ಒತ್ತಿದರೆ ಹೋಗುತ್ತದೆ."

"ಐದಕ್ಕೆ ಎಷ್ಟು ಹೊತ್ತಿದೆ?"

"ಅರ್ಧ ಗಂಟೆ."

"ನನ್ನ ಕತೆಗೆ ಅಷ್ಟು ಬೇಡ. ಕೂತುಕೊಳ್ಳಿ" ಎಂದೆ. ಕೂತರು. ಫೋನನ್ನು ಮಾತ್ರ ಕೆಳಗಿಡಲಿಲ್ಲ.

ಒಂದು ಮಠವಿತ್ತು. ಬಂದವರಿಗೆಲ್ಲ ಅಲ್ಲಿ ರೊಟ್ಟಿ ಬಡಿಸುತ್ತಿದ್ದರು. ಆ ರೊಟ್ಟಿಗೆ ಜೋಳ ಬೀಸಲು ಒಬ್ಬ ಹೆಂಗಸಿದ್ದಳು. ಮೂವತ್ತು ವರ್ಷದಿಂದ ಅವಳದು ಒಂದೇ ಕಾಯಕ, ಒಂದೇ ಬೀಸುವ ಕಲ್ಲು.

ಕಲ್ಲು ಮೊದಮೊದಲು ಭಾರವಾಗಿತ್ತು. ವರ್ಷ ಕಳೆದಂತೆ ಹಗುರಾಯಿತು. ಆಮೇಲೆ ಒಂದೇ ಬೆರಳಿಗೆ ತಿರುಗತೊಡಗಿತು. ಗೂಟದ ಮೇಲೆ ನೊಣ ಕೂತರೆ ಅರ್ಧ ಸುತ್ತು ತಾನೇ ಹೋಗುತ್ತಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಆಗ ನಾನು ಹುಟ್ಟಿರಲಿಲ್ಲ, ಆದರೂ ನೋಡಿದ್ದೇನೆ. ಕಲ್ಲಿನಿಂದ ಗರಗರ ಸದ್ದೇ ಇಲ್ಲ, ತಂಬೂರಿಯ ಶ್ರುತಿಯಂಥ ನಾದ. ಅವಳು ಅದಕ್ಕೆ ಪದ ಕೂಡಿಸಿ ಹಾಡುತ್ತಿದ್ದಳು. ದೂರದ ಊರಿನವರು ಬಂದು ನಿಂತು ಕೇಳುತ್ತಿದ್ದರು. ಬೀಸುವುದೆಂದರೆ ಇವಳದು ಎನ್ನುತ್ತಿದ್ದರು.

ಅಡುಗೆಯವನಿಗೆ ಮಾತ್ರ ಒಂದು ಸಂಗತಿ ಗೊತ್ತಿತ್ತು. ಹಿಟ್ಟು ತರಿಯಾಗುತ್ತಿತ್ತು. ರೊಟ್ಟಿ ತಟ್ಟಿದರೆ ಸೀಳುತ್ತಿತ್ತು. ಇಷ್ಟು ವರ್ಷ ದುಡಿದವಳಿಗೆ ಹೇಗೆ ಹೇಳುವುದು ಎಂದು ಅವನು ರೊಟ್ಟಿ ಬಿಟ್ಟು ನುಚ್ಚು ಮಾಡಿದ. ಮತ್ತಷ್ಟು ವರ್ಷಕ್ಕೆ ನುಚ್ಚೂ ಆಗದಾಯಿತು. ಹಾಕಿದ ಜೋಳ ಜೋಳವಾಗಿಯೇ ಹೊರಗೆ ಬರುತ್ತಿತ್ತು, ಸ್ವಲ್ಪ ಬೆಚ್ಚಗಾಗಿ. ಅವನು ಅದನ್ನೇ ಬೇಯಿಸಿ ಗುಗ್ಗರಿ ಬಡಿಸಿದ. ಉಂಡವರು ಇದು ಈ ಮಠದ ಪದ್ಧತಿ ಎಂದುಕೊಂಡರು.

ಒಂದು ದಿನ ಒಬ್ಬ ರೈತ ಬಂದ. ಅವಳ ಮುಂದೆ ಅಂಗೈ ಬಿಚ್ಚಿದ. ಅಂಗೈಯಲ್ಲಿ ಜೋಳದ ಎಳೆ ಸಸಿ ಎರಡಿದ್ದವು.

"ಹೋದ ತಿಂಗಳು ನಿನ್ನ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಪ್ರಸಾದ ಅಂತ ಒಯ್ದು ಹೊಲದಲ್ಲಿ ಚೆಲ್ಲಿದ್ದೆ ತಾಯಿ. ಹುಟ್ಟಿದೆ ನೋಡು."

ಅವನು ಪವಾಡವೆಂದು ಕೈಮುಗಿದು ಹೋದ. ಅವಳು ಮೊರದಲ್ಲಿದ್ದದ್ದನ್ನು ಮುಟ್ಟಿ ನೋಡಿದಳು. ಕಾಳು. ಕಲ್ಲಿನ ಮೇಲೆ ಕೈಯಿಟ್ಟಳು. ಕಲ್ಲು ಸುಮ್ಮನೆ ತಿರುಗಿತು.

ಅದೇ ವಾರ ಸ್ವಾಮಿಗಳ ಅಪ್ಪಣೆಯಾಯಿತು. ಹತ್ತನೆಯ ದಿನ ಸಾವಿರ ಜನಕ್ಕೆ ದಾಸೋಹ. ರೊಟ್ಟಿಯೇ ಆಗಬೇಕು. ಆಗದಿದ್ದರೆ ಬೀಸಲು ಬೇರೆಯವರು ಬರುತ್ತಾರೆ. ಅವಳಿಗೆ ಆ ಕಲ್ಲು ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಬೀದಿಯಲ್ಲಿ ಒಬ್ಬ ಕಲ್ಲುಕುಟಿಗ ಹೋಗುತ್ತಿದ್ದ. ನಮ್ಮ ವಂಶದವನೇ, ಇಲ್ಲದಿದ್ದರೆ ಈ ಕತೆ ನನಗೆ ಹೇಗೆ ಬರಬೇಕು? ಕಲ್ಲನ್ನು ಪೇಟೆಗೆ ಹೊರಬೇಕಿಲ್ಲ, ಬಾಗಿಲಲ್ಲೇ ಕುಟ್ಟಿ ಕೊಡುತ್ತೇನೆ, ಒಂದು ಮೊರ ಜೋಳ ಕೊಡು ಸಾಕು ಎಂದ. ಅವಳು ಒಪ್ಪಿದಳು. ಅವನು ಮೇಲಿನ ಕಲ್ಲು ಎತ್ತಿ ಮಗುಚಿದ. ಮೂವತ್ತು ವರ್ಷದಲ್ಲಿ ಅವಳು ಅದರ ಒಳಮೈ ನೋಡಿದ್ದು ಅಂದೇ. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

ಅವನು ಉಳಿ ಇಟ್ಟು, ಕಾಳು ಹಿಡಿದು ಅರೆಯುವಂತೆ, ಕಲ್ಲಿನ ಮೈತುಂಬ ಕಚ್ಚು ಹೊಡೆದ. ಪ್ರತಿ ಏಟೂ ಅವಳ ಎದೆಗೆ ಬಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮುಗಿಸಿ, ಕಲ್ಲು ಕೂಡಿಸಿ, ಅವನು ಹೇಳಿದ್ದು ಇಷ್ಟೇ: ಮೊದಲು ತೌಡು ಹಾಕಿ ನಾಲ್ಕಾರು ಸಲ ಬೀಸು, ಬೀಸಿದ್ದನ್ನು ಚೆಲ್ಲು. ಆಮೇಲೆ ಕಾಳು ಹಾಕು. ಕೆಲವು ದಿನ ಭಾರವಿರುತ್ತದೆ.

ಭಾರವಿತ್ತು. ಎರಡು ಕೈ ಹಚ್ಚಿದರೂ ಕಲ್ಲು ಕೀರಿಡುತ್ತ ಕದಲಿತು. ಅವಳ ಹಾಡು ಅದಕ್ಕೆ ಕೂಡಲಿಲ್ಲ. ನಿಂತು ಕೇಳುತ್ತಿದ್ದವರು ಕಿವಿ ಮುಚ್ಚಿಕೊಂಡು ಹೋದರು. ತೌಡು ಒಮ್ಮೆ ಬೀಸಿದಳು, ಬೂದಿಯ ಬಣ್ಣ ಬಂತು. ದಾಸೋಹಕ್ಕೆ ಎಂಟೇ ದಿನ ಉಳಿದಿದ್ದವು. ತೌಡು ಬೀಸುತ್ತ ಕೂರಲು ಧೈರ್ಯ ಸಾಲಲಿಲ್ಲ. ಜೋಳ ಹಾಕಿದಳು. ಅಡುಗೆಯವನು ಒಂದು ರೊಟ್ಟಿ ಸುಟ್ಟು ಬಾಯಿಗಿಟ್ಟ. ಹಲ್ಲಿಗೆ ಮರಳು ಕರಕ್ಕೆಂದಿತು. ಅವನು ಉಗುಳಿ, ಅವಳ ಮುಖ ನೋಡಿದ.

ಆ ನೋಟವನ್ನು ಅವಳು ತಾಳಲಿಲ್ಲ. ಒಂದು ಮೊರ ಜೋಳಕ್ಕೆ ಕುಟ್ಟುವವನು ಇನ್ನೇನು ಮಾಡಿಯಾನು, ಅಗ್ಗದವನನ್ನು ಕರೆದು ಒಳ್ಳೆಯ ಕಲ್ಲು ಕೆಡಿಸಿಕೊಂಡೆ ಎಂದುಕೊಂಡಳು. ಬಾಗಿಲು ಹಾಕಿಕೊಂಡಳು. ಕಚ್ಚೆಲ್ಲ ಸವೆಯಲೆಂದು ಹಳ್ಳದ ಮರಳು ತಂದು ಕಲ್ಲಿನ ಬಾಯಿಗೆ ಸುರಿದಳು, ನೀರು ಬಿಟ್ಟಳು, ಬೀಸಿದಳು. ಅನ್ನ ನೀರು ಬಿಟ್ಟು ಆರು ದಿನ ಮರಳು ಬೀಸಿದಳು. ಅಂಗೈ ಸುಲಿಯಿತು. ಏಳನೆಯ ದಿನ ಕಲ್ಲು ಮೆಲ್ಲಗೆ ಹಗುರಾಯಿತು. ಒಂದು ಬೆರಳಿಗೆ ತಿರುಗಿತು. ಅದೇ ನಾದ. ಅವಳು ಅಳುತ್ತ ಹಾಡಿದಳು.

ಕಲ್ಲುಕುಟಿಗ ಅದೇ ದಾರಿಯಲ್ಲಿ ತಿರುಗಿ ಬರುತ್ತಿದ್ದ. ಬೀದಿಯ ತುದಿಯಲ್ಲೇ ಕಲ್ಲಿನ ನಾದ ಕೇಳಿಸಿತು. ಅವನು ಅಲ್ಲೇ ನಿಂತುಬಿಟ್ಟ. ಆಮೇಲೆ ಬಂದು ಬಾಗಿಲು ತಟ್ಟಿದ. ಅವಳು ತೆರೆದಳು. ಮೊರದ ತುಂಬ ಕಾಳಿತ್ತು, ಬೆಚ್ಚಗೆ.

"ಯಾಕೆ ತಾಯಿ ಹೀಗೆ ಮಾಡಿದೆ?"

"ನೀನು ಕುಟ್ಟಿದ ಮೇಲೆ ಹಿಟ್ಟಿನಲ್ಲಿ ಮರಳು ಬಂತು."

"ಹಿಟ್ಟು ಬಂದಿತ್ತು ತಾನೆ?"

ಅವಳು ಮೊರದ ಕಡೆ ನೋಡಿದಳು. ದಾಸೋಹಕ್ಕೆ ಒಂದು ದಿನ ಉಳಿದಿತ್ತು. ಕಲ್ಲುಕುಟಿಗ ಹೆಗಲಿನ ಚೀಲವನ್ನು ಹೊಸ್ತಿಲ ಮೇಲೆ ಇಳಿಸಿ, ಉಳಿ ತೆಗೆಯದೆ ಕಾಯುತ್ತ ಕೂತ.

ನಾನು ಅಲ್ಲಿಗೆ ನಿಲ್ಲಿಸಿದೆ. ನೆರಳು ಇನ್ನೊಂದು ಮೆಟ್ಟಿಲು ಇಳಿದಿತ್ತು. ಮೇಷ್ಟ್ರು ಫೋನು ನೋಡಿದರು, ನನ್ನನ್ನು ನೋಡಿದರು.

"ಆಮೇಲೆ? ಮತ್ತೆ ಕುಟ್ಟಿಸಿದಳೇ ಅಜ್ಜಾ, ಇಲ್ಲವೇ?"

"ಕಲ್ಲು ಅವಳದು. ನಮ್ಮವನು ಬಾಗಿಲಲ್ಲಿ ಕೂತದ್ದಷ್ಟೇ ನನಗೆ ಗೊತ್ತು."

ಅವರಿಗೆ ಸಿಟ್ಟು ಬಂತು. ನನ್ನ ಮೇಲೆ ಅವರು ಸಿಟ್ಟಾದದ್ದು ಅಂದೇ ಮೊದಲು.

"ನಿಮಗೇನು ಅಜ್ಜಾ, ಕತೆ ಹೇಳಿ ಮುಗಿಸಿದಿರಿ. ಇನ್ನು ಎಂಟು ನಿಮಿಷವಿದೆ. ನಾನು ಕಲಿಯುವವರೆಗೆ ನನ್ನ ಮಕ್ಕಳು ಮರಳು ತಿನ್ನಬೇಕೇ? ಗುರುವಾರ ಆ ಹುಡುಗಿ ಕೇಳಿದಳಲ್ಲ, ನಾನು ನಿಂತೆನಲ್ಲ, ಅದು ಅವಳಿಗೆ ಮಾಡಿದ ಅನ್ಯಾಯ ಅಲ್ಲವೇ?"

ಅವರ ಬೆರಳು ಫೋನಿನ ಮೇಲೆಯೇ ಇತ್ತು. ನಾನು ಒಂದೇ ಮಾತು ಕೇಳಿದೆ.

"ಹದಿನಾರು ವರ್ಷ ಹೊಳೆಯ ಪಾಠ ಮಾಡಿದಿರಲ್ಲ ಮೇಷ್ಟ್ರೇ, ಅದು ಯಾಕೆ ನೆಟ್ಟಗೆ ಹರಿಯುವುದಿಲ್ಲ ಎಂದು ಈ ಗುರುವಾರದವರೆಗೆ ಒಂದು ಮಗುವೂ ಯಾಕೆ ಕೇಳಲಿಲ್ಲ?"

ಮೇಷ್ಟ್ರು ಫೋನಿನಿಂದ ಬೆರಳು ತೆಗೆದರು. ಫೋನಿನ ಬೆಳಕು ತಾನಾಗಿ ಆರಿತು. ಅವರು ಅದನ್ನು ಮತ್ತೆ ಹೊತ್ತಿಸಲಿಲ್ಲ.