ಮ್ಯಾನೇಜರರ ಹೊಟ್ಟೆ, ಚೂಡಾಮಣಿಯ ಕಪ್ಪು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ನಾನು ಹೇಳಿದೆ ಅಂತ ಯಾರ ಹತ್ರಾನೂ ಬಾಯಿ ಬಿಡಬಾರದು, ಆಣೆ ಇಡಿ.

ನಮ್ಮ ಮಿಲ್ಲಿನ ಮ್ಯಾನೇಜರ್ ವೀರಭದ್ರಯ್ಯನಿಗೆ ಪ್ರತಿ ವರ್ಷವೂ ಟೇಬಲ್ ಟೆನಿಸ್ ಕಪ್ಪು ತನಗೇ ಬೇಕು. ಆಡೋಕೆ ಬರಲ್ಲ, ಎದುರಾಳಿಯನ್ನ ಹೆದರಿಸೋಕೆ ಬರುತ್ತೆ. ಎಂಥ ನಾಚಿಕೆಗೇಡು! ಈ ಸಲ ಫೈನಲ್ಲಿಗೆ ಬಂದವಳು ಟೈಪಿಸ್ಟ್ ಚೂಡಾಮಣಿ, ಅಪ್ಪ ಇಲ್ಲದ ಮನೆಯನ್ನ ಒಬ್ಬಳೇ ಸಾಕೋ ಹುಡುಗಿ. ಅವಳನ್ನ ರೂಮಿಗೆ ಕರೆಸಿ, "ಒಂದೇ ಒಂದು ಚೆಂಡು ಜೋರಾಗಿ ಹೊಡೆದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ" ಅಂದ ಆ ಮಹಾನುಭಾವ.

ಚೂಡಾಮಣಿಗೆ ಮೈಯೆಲ್ಲ ಉರಿಯಿತು. ಆದರೂ, "ಹೊಡೆಯಲ್ಲ ಸಾರ್, ಮೆತ್ತಗೆ ಆಡ್ತೀನಿ" ಅಂದಳು.

ಮೆತ್ತಗೇ ಆಡಿದಳು. ಚೆಂಡನ್ನ ನೆಟ್ ದಾಟಿಸಿ ಅಲ್ಲೇ ಪಕ್ಕದಲ್ಲಿ ಬೀಳಿಸ್ತಿದ್ದಳು. ಅದಕ್ಕೆ ಆತ ಬಾಗಿದರೆ ಹೊಟ್ಟೆ ಗುದ್ದಿ ಮೇಜು ಜರುಗೋದು. ಹೊಟ್ಟೆ ಎಳ್ಕೊಂಡರೆ ಎಡಗೈ ಮೇಜಿನ ಮೇಲೆ ಊರೋದು. ಮೇಜು ಜರುಗಿಸಿದರೂ, ಬ್ಯಾಟು ಹಿಡಿಯದ ಕೈ ಮೇಜಿಗೆ ತಾಗಿದರೂ ಪಾಯಿಂಟು ಎದುರಾಳಿಗೆ. ಅಂಪೈರು ಪರವೂರಿನವನು, ಮುಲಾಜಿಲ್ಲದೆ ಕೊಡ್ತಾ ಹೋದ. ಆಟವೇ ಮುಗೀತು, ಚೂಡಾಮಣಿ ಗೆದ್ದಳು.

"ಮಾತು ಕೊಟ್ಟು ಮೋಸ ಮಾಡ್ತೀಯಾ?" ಅಂತ ಮ್ಯಾನೇಜರ್ ಕಿರುಚಿದ.

"ಜೋರಾಗಿ ಹೊಡೆದ್ರೆ ಕೆಲಸದಿಂದ ತೆಗೀತೀನಿ ಅಂದ್ರಿ. ನಾನು ಹೊಡೀಲೇ ಇಲ್ಲವಲ್ಲ ಸಾರ್!"

ಕಪ್ಪು ಕೊಡೋಕೆ ಬಂದಿದ್ದ ಮಿಲ್ಲಿನ ಯಜಮಾನರು ಮುಂದೆಯೇ ಕೂತಿದ್ದರು. ಎಲ್ಲ ಕೇಳಿಸ್ಕೊಂಡು ಮ್ಯಾನೇಜರನ್ನ ದುರುಗುಟ್ಟಿ ನೋಡಿದರು. ಇನ್ನು ಅವಳ ಕೆಲಸಕ್ಕೆ ಯಾರು ಕೈ ಹಾಕ್ತಾರೆ!

ಮಾರನೇ ಬೆಳಿಗ್ಗೆ ಚೂಡಾಮಣಿಯ ಮನೆ ಪಕ್ಕದ ಬಂಗಲೆಯ ಗಿರಿಜಮ್ಮ, ಅದೇ ಮ್ಯಾನೇಜರ್ ಹೆಂಡತಿ, ಕಾಂಪೌಂಡಿನ ಹತ್ರ ಬಂದು ನಿಂತಳು. ಜಗಳಕ್ಕೇ ಬಂದಿದ್ದಾಳೆ ಅಂದ್ಕೊಂಡಳು ಚೂಡಾಮಣಿ.

"ಆ ಹೊಟ್ಟೆಗೆ ತುಪ್ಪ ಸುರಿದು ಬೆಳೆಸಿದವಳು ನಾನು ಕಣೇ," ಅಂದಳು ಗಿರಿಜಮ್ಮ ಮುಖಕ್ಕೆ ಮುಖ ಕೊಟ್ಟು. "ಗೆಲುವಲ್ಲಿ ಅರ್ಧ ಪಾಲು ನಂದು, ಕಪ್ಪು ಆರು ತಿಂಗಳು ನನ್ನ ಮನೇಲಿರಲಿ!"